ಮೂರು ವಾರ ತಿಂದ ಮೀನು

ಟೋಕಿಯೋಗೆ ಹೊರಡುವ ಮುಂಚೆ ನಾನು ಕಲಿತದ್ದು ಎರಡೇ ಎರಡು ಜಪಾನಿ ಅಕ್ಷರ. ಒಂದು ಮಾಂಸದ್ದು, ಇನ್ನೊಂದು ಮೀನಿನದ್ದು. ಮೀನಿನದಕ್ಕೆ 11 ಗೀಟು. ವಿಮಾನದಲ್ಲಿ ಟಿಶ್ಯೂ ಪೇಪರಿನ ಮೇಲೆ ಬರೆದು ಬರೆದು ಕೈಗೆ ಕೂತಿತ್ತು. ಪ್ಯಾಕೆಟ್ಟಿನ ಹಿಂದೆ ಇವೆರಡೂ ಕಾಣದಿದ್ದರೆ ಧೈರ್ಯವಾಗಿ ತಿನ್ನಬಹುದು ಅನ್ನುವುದು ನನ್ನ ಲೆಕ್ಕ.

ಮೂರು ತಿಂಗಳ ಕೆಲಸದಲ್ಲಿ ಮೊದಲ ಮೂರು ವಾರ ಈ ಲೆಕ್ಕ ಸಲೀಸಾಗಿ ನಡೆಯಿತು. ಆಫೀಸಿನ ಹಿಂದಿನ ಗಲ್ಲಿಯಲ್ಲಿ ಎಂಟು ಜನ ಕೂರುವಷ್ಟು ಪುಟ್ಟ ಸೋಬಾ ಅಂಗಡಿ. 'ನಿಕು ನಾಶಿ', ಅಂದರೆ ಮಾಂಸ ಬೇಡ, ಎಂದು ಹೇಳಿ ದಿನಾ ಝಾರು ಸೋಬಾ ತಿನ್ನುತ್ತಿದ್ದೆ. ಬಿದಿರಿನ ಚಾಪೆಯ ಮೇಲೆ ತಣ್ಣಗಿನ ಬಕ್‌ವೀಟ್ ಶಾವಿಗೆ, ಮೇಲೆ ಕಡಲಪಾಚಿಯ ಎಳೆ, ಪಕ್ಕದಲ್ಲಿ ಚಿಟಿಕೆ ವಸಾಬಿ, ಅದ್ದಿಕೊಳ್ಳಲು ಬಟ್ಟಲಲ್ಲಿ ಕಪ್ಪು ಸಾರು. ಇಷ್ಟು ಸಾತ್ವಿಕವಾಗಿ ಕಾಣುವ ಊಟದ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು? ಸಾರಂತೂ ಅಮೋಘ. ಅಮ್ಮನಿಗೆ ಫೋನಿನಲ್ಲಿ ಅದರ ವರ್ಣನೆಯೂ ಆಗಿತ್ತು.

ನಾಲ್ಕನೇ ವಾರದ ಒಂದು ದಿನ ಹಿರಿಯ ಸಹೋದ್ಯೋಗಿಯೊಬ್ಬರು ಜೊತೆಗೆ ಬಂದರು. ನಾನು ಮೊದಲ ತುತ್ತು ಅದ್ದಿ, ಅಲ್ಲಿನವರ ಹಾಗೇ ಸೊರ್ರೆಂದು ಹೀರಿದೆ. ಅವರ ಕಡ್ಡಿಗಳು ಅರ್ಧದಲ್ಲೇ ನಿಂತವು. "ನೀವು ಮೀನೂ ತಿನ್ನುವುದಿಲ್ಲ ಅಂದಿದ್ದಿರಿ, ಅಲ್ಲವೇ?" ಎಂದರು, ತಾವೇ ತಪ್ಪು ಮಾಡಿದವರ ದನಿಯಲ್ಲಿ.

ಸಾರಿನ ಬುನಾದಿ ದಾಶಿ. ದಾಶಿಯ ಬುನಾದಿ ಕತ್ಸುವೊಬುಶಿ. ಟ್ಯೂನಾ ಬಳಗದ ಕತ್ಸುವೊ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು ಒಣಗಿಸಿ, ಒಳ್ಳೆಯ ದರ್ಜೆಯದಕ್ಕೆ ಬೂಷ್ಟು ಬೇರೆ ಹಿಡಿಸಿ ತಿಂಗಳುಗಟ್ಟಲೆ ಕಾಯುತ್ತಾರಂತೆ. ಕೊನೆಗೆ ಅದು ಕಟ್ಟಿಗೆಯ ತುಂಡಿನಷ್ಟು ಗಟ್ಟಿಯಾಗುತ್ತದೆ. ಬಡಗಿಯ ಉಜ್ಜುಗೊರಡಿನಂಥದರಲ್ಲಿ ಹೆರೆದು, ಆ ಸಿಪ್ಪೆಯನ್ನು ಬಿಸಿನೀರಿಗೆ ಹಾಕಿ, ಸೋಸಿ ತೆಗೆಯುತ್ತಾರೆ. ಮೀನು ಹೋಗುತ್ತದೆ, ನೀರು ಉಳಿಯುತ್ತದೆ. ನಾನು ತಟ್ಟೆಯಲ್ಲಿ ತುಂಡು ಹುಡುಕುತ್ತಿದ್ದೆ. ಅದು ನೀರಿನಲ್ಲೇ ಇತ್ತು.

ಅವರು ಕಾಗದದ ಮೇಲೆ ಕತ್ಸುವೊ ಎಂದು ಬರೆದು ತೋರಿಸಿದರು. ಅಕ್ಷರದ ಎಡಗಡೆ ನನ್ನ 11 ಗೀಟಿನ ಮೀನು ಮುದುರಿಕೊಂಡು ಕೂತಿತ್ತು, ಬಲಗಡೆ 'ಗಟ್ಟಿ' ಎನ್ನುವ ಅರ್ಥದ ಭಾಗ. ಲೇಬಲ್ಲುಗಳಲ್ಲಿ ಎಷ್ಟೋ ಸಲ ಇದನ್ನೂ ಬಿಟ್ಟು ಬರೀ ಉಚ್ಚಾರದ ಲಿಪಿಯಲ್ಲಿ ಬರೆದಿರುತ್ತಾರಂತೆ. ನನ್ನ ಟಿಶ್ಯೂ ಪೇಪರಿನ ವಿದ್ಯೆ ಅಲ್ಲಿಗೆ ಮುಗಿಯಿತು.

'ನಿಕು' ಎನ್ನುವ ಮಾತಿನಲ್ಲಿ ಮೀನು ಸೇರುವುದೇ ಇಲ್ಲ. 675ರಲ್ಲಿ ಜಪಾನಿನ ತೆನ್ಮು ಚಕ್ರವರ್ತಿ ಹೊರಡಿಸಿದ ಮಾಂಸ ನಿಷೇಧದಲ್ಲೂ ದನ, ಕುದುರೆ, ನಾಯಿ, ಮಂಗ, ಕೋಳಿ ಇದ್ದವು, ಮೀನಿರಲಿಲ್ಲ. ಮೆಯ್ಜಿ ಚಕ್ರವರ್ತಿ 1872ರಲ್ಲಿ ದನದ ಮಾಂಸ ತಿಂದದ್ದು ದೊಡ್ಡ ಸುದ್ದಿಯಾಯಿತು. ಮೀನು ತಿಂದರೆ ಯಾರೂ ಸುದ್ದಿ ಮಾಡುತ್ತಿರಲಿಲ್ಲ. ಅಂಗಡಿಯವನು ಮೂರು ವಾರ 'ಮಾಂಸ ಇಲ್ಲ' ಎಂದದ್ದು ಅಕ್ಷರಶಃ ಸತ್ಯ.

ವಾಕರಿಕೆ ಬರಬೇಕಿತ್ತು. ಬರಲಿಲ್ಲ. ನಾಲಿಗೆ ಇನ್ನೂ ಆ ರುಚಿಯನ್ನೇ ಚಪ್ಪರಿಸುತ್ತಿತ್ತು. ನನಗೆ ಹೆಚ್ಚು ಕಿರಿಕಿರಿಯಾದದ್ದು ಅದೇ. ಇಪ್ಪತ್ತೊಂಬತ್ತು ವರ್ಷ 'ಮೀನಿನ ವಾಸನೆಯೇ ಆಗಲ್ಲ' ಎಂದು ಮೂಗು ಮುಚ್ಚಿದವಳು, ಹೆಸರು ಗೊತ್ತಿಲ್ಲದಿದ್ದಾಗ ಬಟ್ಟಲು ಖಾಲಿ ಮಾಡಿದ್ದೆ. ಕ್ಯಾಂಟೀನಿನ ಮಿಸೋ ಸೂಪ್ ಕೂಡ ಬಹುಶಃ ಅದೇ ಗೋತ್ರ.

ಸಹೋದ್ಯೋಗಿ ಮಾಲೀಕನಿಗೆ ವಿಷಯ ಹೇಳಿದ್ದೇ ತಡ, ಆತ ಹೊರಗೆ ಬಂದು ಸೊಂಟ ಬಾಗಿಸಿ ಕ್ಷಮೆ ಕೇಳತೊಡಗಿದ. ನಾನೂ ಬಾಗಿದೆ. ಅವನು ಇನ್ನಷ್ಟು ಬಾಗಿದ. ತಪ್ಪು ಯಾರದೂ ಅಲ್ಲದಾಗ ಈ ಪಂದ್ಯ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ. ಉಳಿದ ಆರು ಗಿರಾಕಿಗಳು ನಮ್ಮನ್ನು ನೋಡದಿರಲು ಬಹಳ ಕಷ್ಟಪಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆತ ಸಾರಿನ ಬಟ್ಟಲು ಎತ್ತಿಕೊಂಡು ಒಳಗೆ ಹೋದವನು ಅಂಗೈಯಗಲದ ತಟ್ಟೆಯೊಂದಿಗೆ ಬಂದ. ಅದರಲ್ಲಿದ್ದದ್ದು ಬರೀ ಉಪ್ಪು. ಸೋಬಾದ ರುಚಿ ಬಲ್ಲವರು ಕೆಲವರು ಹೀಗೇ ತಿನ್ನುತ್ತಾರೆ ಎಂದು ಸಹೋದ್ಯೋಗಿ ಅನುವಾದಿಸಿದರು. ನನ್ನ ಮಾನ ಕಾಪಾಡಲು ಹೇಳಿದ ಮಾತು ಅಂದುಕೊಂಡೆ. ಆದರೆ ನಾಲ್ಕು ಎಳೆಗೆ ಉಪ್ಪು ಸೋಕಿಸಿ ಬಾಯಿಗಿಟ್ಟಾಗ ಹುರಿದ ಕಾಳಿನಂಥ ಘಮ, ಹಿಂದೆಯೇ ಸಣ್ಣಗೆ ಕಹಿ. ಮೂರು ವಾರ ತಿಂದರೂ ಶಾವಿಗೆಗೆ ತನ್ನದೇ ರುಚಿ ಇದೆಯೆಂದು ಗೊತ್ತಾಗಿರಲಿಲ್ಲ. ಸಾರು ಎಲ್ಲವನ್ನೂ ನುಂಗಿತ್ತು. ಕೊನೆಗೆ 'ಸೋಬಾಯು' ತಂದಿಟ್ಟ, ಅಂದರೆ ಶಾವಿಗೆ ಬೇಯಿಸಿದ ಬಿಸಿನೀರು. ಉಳಿದವರು ಅದನ್ನು ಮಿಕ್ಕ ಸಾರಿಗೆ ಬೆರೆಸಿ ಕುಡಿಯುತ್ತಾರೆ. ನಾನು ಹಾಗೇ ಕುಡಿದೆ.

ಮರಳಿ ನಡೆಯುವಾಗ ಸಹೋದ್ಯೋಗಿ ಸಮಾಧಾನ ಹೇಳಿದರು. ದಾಶಿಯಲ್ಲಿ ಮೀನಿನ ಜೊತೆ ಸಾಮಾನ್ಯವಾಗಿ ಕೊಂಬು ಅನ್ನುವ ಕಡಲಪಾಚಿಯೂ ಇರುತ್ತದೆ (ಕೊಂಬು ಅಂದಾಗ ನನ್ನ ತಲೆಗೆ ಹೊಳೆದದ್ದು ಎತ್ತಿನದು, ಇರಲಿ). 1908ರಲ್ಲಿ ಕಿಕುನಯೆ ಇಕೆದಾ ಎಂಬ ಟೋಕಿಯೋದ ವಿಜ್ಞಾನಿ 'ಉಮಾಮಿ' ಎಂದು ಹೆಸರಿಟ್ಟ ರುಚಿ ಸಿಕ್ಕಿದ್ದು ಆ ಪಾಚಿಯಲ್ಲೇ. ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿಲ್ಲದೆ ಪಾಚಿ, ಅಣಬೆಯಿಂದಲೇ ದಾಶಿ ಮಾಡುತ್ತಾರಂತೆ.

ರಾತ್ರಿ ಹತ್ತಕ್ಕೆ ಅಮ್ಮನ ಫೋನು. ಅವಳಿಗೆ ಸಂಜೆ ಆರೂವರೆ, ಒಲೆಯ ಮುಂದೆ ನಿಂತಿದ್ದಳು.

"ಅದೇನೋ ಕಪ್ಪು ಸಾರು ಭಾರಿ ಚೆನ್ನಾಗಿರತ್ತೆ ಅಂದಿದ್ಯಲ್ಲ, ಯಾವುದರಲ್ಲಿ ಮಾಡ್ತಾರೆ ಕೇಳಿದ್ಯಾ?"

"ಕಡಲಪಾಚಿಯಲ್ಲಿ ಅಮ್ಮ," ಎಂದೆ.