ನಿತ್ಯದಂಡನೆಯ ವಚನಗಳ ಟಿಪ್ಪಣಿ: ಹೊಸ ಒಡಂಬಡಿಕೆಯ ಭಾಗ ಮುಗಿದಿದೆ

ರಕ್ಷಣೆ ಮತ್ತು ನಿತ್ಯದಂಡನೆಯ ಕುರಿತು ಬೈಬಲ್ಲಿನಲ್ಲಿಯೂ ಕಥೋಲಿಕ ಧರ್ಮಸಭೆಯ ಬೋಧನೆಯಲ್ಲಿಯೂ ಇರುವ ಮಾತುಗಳನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಹೋಲಿಸಿ ನೋಡುವ ಕೆಲಸವನ್ನು ಕಾರವಾರದ ನಾವು ಕೆಲವರು ನಡೆಸುತ್ತ ಬಂದಿದ್ದೇವೆ. ಈ ಮಳೆಗಾಲದಲ್ಲಿ ಹೊಸ ಒಡಂಬಡಿಕೆಯ ಭಾಗ ಮುಗಿಯಿತು. ಎಲ್ಲಿಯವರೆಗೆ ಬಂದಿದ್ದೇವೆ, ಯಾವ ಪ್ರಶ್ನೆ ಇನ್ನೂ ಬಗೆಹರಿದಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ವಚನಗಳನ್ನು ಗುಂಪು ಮಾಡಿದೆವು. ಮತ್ತಾಯ 25:46, ಪ್ರಕಟನೆ 14:11 ಮತ್ತು 20:10 ಕೊನೆಯಿಲ್ಲದ ದಂಡನೆಯ ಕಡೆಗೆ ನಿಲ್ಲುತ್ತವೆ. ಮತ್ತಾಯ 10:28 ಆತ್ಮವೂ ದೇಹವೂ ನಾಶವಾಗುವುದನ್ನು ಹೇಳುತ್ತದೆ. ನಾಶವಾದದ್ದು ಯುಗಯುಗಗಳ ಕಾಲ ನರಳುತ್ತಿರಲಾರದು. ಮತ್ತಾಯ 5:26 ಕೊನೆಯ ಕಾಸು ತೀರುವ ತನಕದ ಸೆರೆಯನ್ನು, 1 ಕೊರಿಂಥ 3:15 ಕಟ್ಟಿದ್ದೆಲ್ಲ ಸುಟ್ಟುಹೋದರೂ ಕಟ್ಟಿದವನು ಬೆಂಕಿಯನ್ನು ದಾಟಿ ಉಳಿಯುವುದನ್ನು ಹೇಳುತ್ತವೆ. ರೋಮಾಪುರದವರಿಗೆ 5:18 ಹಾಗೂ 11:32, 1 ಕೊರಿಂಥ 15:22, ಕೊಲೊಸ್ಸೆ 1:20 ಎಲ್ಲರನ್ನೂ ಒಳಗೊಳ್ಳುವ ಮಾತುಗಳು. ನಾವು ಚಿಕ್ಕಂದಿನಲ್ಲಿ ಕಲಿತ ಧರ್ಮೋಪದೇಶದಲ್ಲಿ ಮೊದಲನೆಯ ಗುಂಪು ಕಂಬದಂತೆ ಗಟ್ಟಿಯಾಗಿ ನಿಂತಿತ್ತು, ಉಳಿದವುಗಳನ್ನೆಲ್ಲ ಅದಕ್ಕೆ ಹೊಂದುವಂತೆ ವಿವರಿಸಲಾಗುತ್ತಿತ್ತು. ಆದರೆ ಯಾವ ಗುಂಪಿನಿಂದ ಯಾವುದನ್ನು ವಿವರಿಸಬೇಕು ಎಂಬುದನ್ನು ವಚನಗಳು ತಾವಾಗಿ ಹೇಳುವುದಿಲ್ಲ. ಅದು ಓದಿದವರು ಮಾಡಿದ ತೀರ್ಮಾನ, ಮತ್ತು ಅದನ್ನು ಇನ್ನೊಮ್ಮೆ ಪರಿಶೀಲಿಸುವುದರಲ್ಲಿ ಅಪಚಾರವೇನೂ ಇಲ್ಲ ಎಂದು ನಾನು ನಂಬಿದ್ದೇನೆ.

ಎರಡು ವಾಕ್ಯಭಾಗಗಳ ಮೇಲೆ ಹೆಚ್ಚು ಸಮಯ ಕೊಟ್ಟೆವು. ಮಾರ್ಕ 9:48ರಲ್ಲಿ ಬರುವ ಸಾಯದ ಹುಳು ಮತ್ತು ಆರದ ಬೆಂಕಿ ಯೆಶಾಯನ ಗ್ರಂಥದ ಕಟ್ಟಕಡೆಯ ವಚನದಿಂದ ಬಂದವು. ಅಲ್ಲಿಗೆ ಹೋಗಿ ನೋಡಿದರೆ ಆ ಹುಳು ತಿನ್ನುವುದೂ ಬೆಂಕಿ ಸುಡುವುದೂ ಹೆಣಗಳನ್ನು. ನೋವನ್ನು ಅನುಭವಿಸುತ್ತಿರುವ ಜೀವಗಳು ಅಲ್ಲಿ ಇಲ್ಲ. ಇನ್ನೊಂದು ಮತ್ತಾಯ 25ರ ನ್ಯಾಯತೀರ್ಪು. ನರಕದ ಬೋಧನೆಗೆ ಅತಿ ಹೆಚ್ಚು ಆಧಾರವಾಗಿರುವ ಅಧ್ಯಾಯವಿದು; ಆದರೂ ಎಡಕ್ಕೆ ನಿಂತವರನ್ನು ಅರಸನು ದೀಕ್ಷಾಸ್ನಾನವಾಗಿದೆಯೇ ಎಂದಾಗಲಿ, ಯಾವ ವಿಶ್ವಾಸಪ್ರಮಾಣವನ್ನು ಹೇಳುತ್ತಿದ್ದಿರಿ ಎಂದಾಗಲಿ ಕೇಳುವುದಿಲ್ಲ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಸೆರೆಯಲ್ಲಿದ್ದವನ ಭೇಟಿ ಇಂಥವಷ್ಟೇ ಅಲ್ಲಿನ ಲೆಕ್ಕ. ಕ್ರೈಸ್ತರಲ್ಲದವರು ರಕ್ಷಣೆಯ ಹೊರಗಿದ್ದಾರೆ ಎಂದು ಸಾಧಿಸಲು ಈ ಅಧ್ಯಾಯವನ್ನು ಎತ್ತಿಕೊಳ್ಳುವವರು ಅದರ ಪ್ರಶ್ನೆಗಳನ್ನು ಬಿಟ್ಟು ತೀರ್ಪನ್ನು ಮಾತ್ರ ತೆಗೆದುಕೊಳ್ಳುತ್ತಾರೆ.

ಚರಿತ್ರೆಯ ಭಾಗದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನಾಲ್ಕು-ಐದನೆಯ ಶತಮಾನದ ಬಿಷಪ್ ಸಂತ ಅಗಸ್ಟೀನರು. 'ದೇವರ ನಗರ' ಕೃತಿಯ 21ನೆಯ ಪುಸ್ತಕದಲ್ಲಿ ಅವರು ದಂಡನೆಗೆ ಕೊನೆಯಿದೆ ಎನ್ನುವ ಕರುಣಾಳುಗಳಿಗೆ ಉತ್ತರ ಕೊಡುತ್ತಾರೆ. ಮತ್ತಾಯ 25:46ರಲ್ಲಿ ನೀತಿವಂತರ ಜೀವಕ್ಕೆ ಕೊನೆಯಿಲ್ಲವೆಂದಾದರೆ ಅದೇ ವಾಕ್ಯದಲ್ಲಿರುವ ದಂಡನೆಗೂ ಕೊನೆಯಿಲ್ಲ ಎಂಬುದು ಅವರ ಮುಖ್ಯ ವಾದ. ವಾದ ಬಲವಾದದ್ದೇ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅವರು ಉತ್ತರಿಸುತ್ತಿರುವುದು ಹೊರಗಿನ ವಿರೋಧಿಗಳಿಗಷ್ಟೇ ಅಲ್ಲ, ತಮ್ಮ ಜೊತೆಯಲ್ಲೇ ಪ್ರಾರ್ಥಿಸುತ್ತಿದ್ದ ಕ್ರೈಸ್ತರಿಗೂ. ಅವರಿಗಿಂತ ಸ್ವಲ್ಪ ಹಿಂದಿನವರಾದ ಬಿಷಪ್ ನಿಸ್ಸಾದ ಗ್ರೆಗೊರಿ ತಮ್ಮ ಅಕ್ಕ ಮಕ್ರೀನಳೊಡನೆ ನಡೆಸಿದ ಸಂವಾದದಲ್ಲಿ, ಕೆಸರು ಮೆತ್ತಿ ಗಟ್ಟಿಯಾದ ಹಗ್ಗವನ್ನು ಕಿರಿದಾದ ತೂತಿನಲ್ಲಿ ಎಳೆದರೆ ಹಗ್ಗ ಹೊರಬರುತ್ತದೆ, ಕೆಸರು ಈಚೆಯೇ ಉಳಿಯುತ್ತದೆ, ಎಳೆತದ ನೋವೂ ಇರುತ್ತದೆ ಎಂಬ ದೃಷ್ಟಾಂತ ಬರುತ್ತದೆ. ದೇವರು ಎಳೆಯುವುದು ತನ್ನ ಕಡೆಗೆ. ನೋವು ಅಂಟಿಕೊಂಡ ಕೆಡುಕಿನಿಂದ ಬರುವಂಥದು. ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳುತ್ತಾರೆ ಎಂಬುದೂ ಸೇರಿದಂತೆ ಮೂರನೆಯ ಶತಮಾನದ ದೈವಶಾಸ್ತ್ರಜ್ಞ ಓರಿಜನರ ಹೆಸರಿನ ಬೋಧನೆಗಳ ಮೇಲೆ 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಡೆದ ಬಿಷಪರ ಮಹಾಸಭೆಯ ಸಂದರ್ಭದಲ್ಲಿ ಶಾಪ ಬಿದ್ದರೂ ಗ್ರೆಗೊರಿಯವರ ಮೇಲೆ ಎಂದೂ ಬೀಳಲಿಲ್ಲ. ಪೂರ್ವ ಪಶ್ಚಿಮಗಳೆರಡರಲ್ಲಿಯೂ ಅವರು ಸಂತರು. ಅವರು ಭಾಗವಹಿಸಿದ 381ರ ಮಹಾಸಭೆಯ ಹೆಸರಿನಲ್ಲಿ ಬಂದ ವಿಶ್ವಾಸಪ್ರಮಾಣವನ್ನು ನಾವು ಇಂದಿಗೂ ಪೂಜೆಯಲ್ಲಿ ಹೇಳುತ್ತೇವೆ. ಅದರಲ್ಲಿ ಜೀವಿತರ ಮತ್ತು ಮೃತರ ನ್ಯಾಯತೀರ್ಪಿದೆ, ಅಂತ್ಯವಿಲ್ಲದ ರಾಜ್ಯವಿದೆ. ಅಂತ್ಯವಿಲ್ಲದ ದಂಡನೆಯ ಮಾತಿಲ್ಲ.

ಧರ್ಮಸಭೆಯ ಬೋಧನೆಯ ಪುಟಗಳು ಕಷ್ಟದವು. 1442ರ ಫ್ಲಾರೆನ್ಸ್ ಮಹಾಸಭೆಯ ಘೋಷಣೆ ಸಾಯುವ ಮುನ್ನ ಧರ್ಮಸಭೆಗೆ ಸೇರದ ಅನ್ಯಧರ್ಮೀಯರು ನಿತ್ಯಾಗ್ನಿಗೆ ಹೋಗುತ್ತಾರೆಂದು ಸ್ಪಷ್ಟವಾಗಿ ಹೇಳಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮದಲ್ಲದ ಕಾರಣದಿಂದ ಸುವಾರ್ತೆಯನ್ನು ಅರಿಯದೆ ಮನಸ್ಸಾಕ್ಷಿಯಂತೆ ದೇವರನ್ನು ಹುಡುಕುವವರೂ ರಕ್ಷಣೆ ಪಡೆಯಬಲ್ಲರು ಎಂದಿತು. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ವಿಷಯದಲ್ಲಿ 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಅವುಗಳ ರಕ್ಷಣೆಯನ್ನು ನಿರೀಕ್ಷಿಸಲು ಆಧಾರಗಳಿವೆ ಎಂದು ಬರೆಯಿತು. ಎಷ್ಟು ತಾಯಂದಿರು ಈ ಮಾತಿಗಾಗಿ ಕಾಯುತ್ತಲೇ ಕಣ್ಣು ಮುಚ್ಚಿರಬಹುದು! ಹಬ್ಬದ ದಿನ ನಮ್ಮ ಚರ್ಚಿಗೆ ಬಂದು ಮೇಣದಬತ್ತಿ ಹಚ್ಚಿ ಹೋಗುವ ಹಿಂದೂ ಮೀನುಗಾರ ಸಮುದಾಯಗಳಾದ ಹರಿಕಂತ್ರ, ಖಾರ್ವಿ ಮನೆಗಳವರು ನಮ್ಮ ನೆರೆಯವರು. ಅವರ ವಿಷಯದಲ್ಲಿ 1442ರ ಮಾತನ್ನು ಬಾಯಿಬಿಟ್ಟು ಹೇಳಬಲ್ಲ ಕ್ರೈಸ್ತರನ್ನು ನಾನು ಈ ಕರಾವಳಿಯಲ್ಲಿ ಕಂಡಿಲ್ಲ.

ಈ ಹಂತದಲ್ಲಿ ಹೊಸದಾಗಿ ಸೇರಿದ ಪುಟ ಜಪಮಾಲೆಯದು. ಪ್ರತಿ ಹತ್ತು ಮಣಿಗಳ ಕೊನೆಗೆ ಹೇಳುವ, 1917ರಲ್ಲಿ ಪೋರ್ಚುಗಲ್ಲಿನ ಫಾತಿಮಾ ಊರಿನಲ್ಲಾದ ಮಾತೆ ಮರಿಯಳ ದರ್ಶನದಿಂದ ಬಂದ ಪ್ರಾರ್ಥನೆಯಲ್ಲಿ ನರಕದ ಬೆಂಕಿಯಿಂದ ನಮ್ಮನ್ನು ಕಾಪಾಡು ಎಂದ ಮೇಲೆ ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಕರೆದೊಯ್ಯಿ, ನಿನ್ನ ಕರುಣೆ ಹೆಚ್ಚು ಬೇಕಾದವರನ್ನು ವಿಶೇಷವಾಗಿ, ಎಂದು ಕೇಳುತ್ತೇವೆ. ಇದನ್ನು ಬರೆದುಕೊಳ್ಳುತ್ತ ನಮ್ಮ ಮೌಶಿಯ ಬಳಿ, ಎಲ್ಲರೂ ಹೋಗುವುದು ಸಾಧ್ಯವೇ ಎಂದು ಕೇಳಿದೆ. ಮಣಿ ಹಿಡಿದ ಬೆರಳನ್ನು ಅಲ್ಲಿಯೇ ನಿಲ್ಲಿಸಿ, "ಆಗದೇ ಇದ್ದದ್ದನ್ನ ದಿನಾ ಕೇಳು ಅಂತ ಇಗರ್ಜಿ ಕಲಿಸ್ತದೇನು, ಪುತಾ?" ಎಂದರು. 1992ರ ಧರ್ಮೋಪದೇಶ ಗ್ರಂಥ 1035ನೆಯ ಪರಿಚ್ಛೇದದಲ್ಲಿ ನರಕದ ನಿತ್ಯತೆಯನ್ನು ದೃಢಪಡಿಸುತ್ತದೆ. 1058ರಲ್ಲಿ ಯಾರೂ ನಾಶವಾಗದಿರಲಿ ಎಂದು ಧರ್ಮಸಭೆ ಪ್ರಾರ್ಥಿಸುತ್ತದೆ ಎನ್ನುತ್ತದೆ. ಎರಡನ್ನೂ ಎದುರುಬದುರು ಪುಟಗಳಲ್ಲಿ ಬರೆದಿದ್ದೇನೆ. ಎಲ್ಲರಿಗಾಗಿ ಪ್ರಾರ್ಥಿಸುವುದು ಕರ್ತವ್ಯವಾದ ಮೇಲೆ ಎಲ್ಲರಿಗಾಗಿ ನಿರೀಕ್ಷಿಸುವುದು ತಪ್ಪಾಗಲಾರದು ಎಂಬುದು ನಾನು ತಲುಪಿರುವ ನಿಲುವು. ಆ ನಿರೀಕ್ಷೆಯನ್ನು ಖಚಿತ ಜ್ಞಾನವೆಂದು ಸಾರುವ ಅಧಿಕಾರ ನಮಗಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಉಳಿದಿರುವ ದೊಡ್ಡ ಆಕ್ಷೇಪ ಸ್ವಾತಂತ್ರ್ಯದ್ದು. ಮನುಷ್ಯನು ದೇವರನ್ನು ಕೊನೆಯವರೆಗೂ ಬೇಡವೆನ್ನಬಲ್ಲನಾದರೆ ದೇವರು ಅವನನ್ನು ಬಲವಂತದಿಂದ ರಕ್ಷಿಸುತ್ತಾನೆಯೇ ಎಂದು ನಮ್ಮಲ್ಲೇ ಒಬ್ಬರು ಪಟ್ಟುಹಿಡಿದು ಕೇಳುತ್ತಿದ್ದಾರೆ. ಕೆಡುಕಿಗೆ ಎಲ್ಲೆಯಿದೆ, ಎಲ್ಲೆಯಿರುವ ಹಾದಿಯಲ್ಲಿ ಎಷ್ಟು ದೂರ ಹೋದವನಾದರೂ ಒಮ್ಮೆ ಒಳಿತಿನ ಕಡೆಗೇ ಹೊರಳಬೇಕಾಗುತ್ತದೆ ಎಂದು ಗ್ರೆಗೊರಿ ಹೇಳಿದ್ದಾರೆ. ಆಕ್ಷೇಪ ಎತ್ತಿದವರಿಗೆ ಅದು ಸಾಕೆನಿಸಿಲ್ಲ, ನನಗೂ ಪೂರ್ತಿ ಸಾಕೆನಿಸಿಲ್ಲ. ಆದ್ದರಿಂದ ಮುಂದಿನ ಹಂತದಲ್ಲಿ ಹಳೆಯ ಒಡಂಬಡಿಕೆಗೆ ಹೋಗುವ ಮೊದಲು ಏಳನೆಯ ಶತಮಾನದ ಸಿರಿಯಾಕ್ ಭಾಷೆಯ ಸಂನ್ಯಾಸಿ ನಿನೆವೆಯ ಇಸಾಕರನ್ನು ಓದಲಿದ್ದೇವೆ. ನರಕದಲ್ಲಿರುವವರನ್ನು ದಂಡಿಸುವುದು ಪ್ರೀತಿಯೇ ಎಂದವರು ಅವರು. ಕಳೆದುಹೋಗಿದ್ದ ಅವರ ಬರಹಗಳ ಎರಡನೆಯ ಭಾಗ 1983ರಲ್ಲಿ ಆಕ್ಸ್‌ಫರ್ಡ್‌ನ ಗ್ರಂಥಾಲಯವೊಂದರಲ್ಲಿ ಪತ್ತೆಯಾಯಿತು. ಅದರಲ್ಲಿ ನರಕವನ್ನು ಕುರಿತ ಅಧ್ಯಾಯಗಳ ಸಾರಾಂಶವನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸವನ್ನು ಆಕ್ಷೇಪ ಎತ್ತಿದವರೇ ವಹಿಸಿಕೊಂಡಿದ್ದಾರೆ.