ವಿದೇಶದ ಮಕ್ಕಳ ಶಿಬಿರಕ್ಕೆ ಸೇವೆಗೆ ಹೋಗಬಹುದೇ?

ಏಪ್ರಿಲ್‌ನಲ್ಲಿ ಚರ್ಚುಗಳಲ್ಲಿ ವಿ.ಬಿ.ಎಸ್. (ಮಕ್ಕಳ ರಜಾಕಾಲದ ಬೈಬಲ್ ಶಾಲೆ) ಶುರುವಾದರೆ ಸಾಕು, ಬೆಳಗಾವಿ, ಗೋಕಾಕ, ಗುಳೇದಗುಡ್ಡದ ಕಡೆಯ ಯುವಕ ಯುವತಿಯರು ಕೇಳುವ ಪ್ರಶ್ನೆ ಒಂದೇ: "ಅಣ್ಣಾರ, ಇಲ್ಲಿ ಸಣ್ಣ ಹುಡುಗ್ರಿಗೆ ಹಾಡು, ಕಥಿ ಕಲಸೇವಿ. ನೇಪಾಳಕ್ಕೋ ಕೀನ್ಯಾಕ್ಕೋ ಹೋಗಿ ಅನಾಥ ಮಕ್ಕಳ ಕ್ಯಾಂಪಿನಾಗ ಸೇವಾ ಮಾಡಬೇಕಂದ್ರ ಏನ್ ಮಾಡಬೇಕ್ರಿ?"

ಹೋಗಬಹುದು. ಆದರೆ ಅಲ್ಲಿನ ಸಭೆಯವರೇ ಕರೆದಿರಬೇಕು, ನೀವು ಅವರ ಕೈಕೆಳಗೆ ಕೆಲಸ ಮಾಡಲು ಒಪ್ಪಿರಬೇಕು.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ಅನಾಥಾಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿಯೇ ಇರುತ್ತಾರೆ. ಬಂದುಹೋಗುವ ವಿದೇಶಿಯರಿಗೆ ತೋರಿಸಲೆಂದೇ ಮಕ್ಕಳನ್ನು ತಂದು ತುಂಬಿಸಿದ ಆಶ್ರಮಗಳೂ ಕೆಲವು ದೇಶಗಳಲ್ಲಿ ಇವೆ. ಹೀಗೆ ಆಶ್ರಮಗಳಿಗೆ ಸ್ವಯಂಸೇವಕರಾಗಿ ಹೋಗುವುದರಿಂದ ಮಕ್ಕಳಿಗೆ ಆಗುವ ಹಾನಿಯನ್ನು ವಿಶ್ವಸಂಸ್ಥೆಯ ಮಹಾಸಭೆಯೇ 2019ರ ಡಿಸೆಂಬರ್‌ನ ನಿರ್ಣಯದಲ್ಲಿ ಎತ್ತಿ ಹೇಳಿದೆ. ಮೊದಲೇ ಹೆತ್ತವರನ್ನು ಬಿಟ್ಟಿರುವ ಮಗು ವಾರವಿಡೀ ಒಬ್ಬ ಅಣ್ಣನಿಗೋ ಅಕ್ಕನಿಗೋ ಅಂಟಿಕೊಳ್ಳುತ್ತದೆ. ಎಂಟನೆಯ ದಿನ ಅವರೂ ಇಲ್ಲ. ಪ್ರತಿ ಸೂಟಿಯಲ್ಲೂ ಇದೇ ನಡೆದರೆ ಮಗು ಯಾರನ್ನೂ ನಂಬದಂತಾಗುತ್ತದೆ.

ಆದ್ದರಿಂದ ಒಳ್ಳೆಯ ಶಿಬಿರದಲ್ಲಿ ಗುಂಪಿನ ನಾಯಕರು ಸ್ಥಳೀಯರೇ ಆಗಿರುತ್ತಾರೆ. ಮುಂದಿನ ಭಾನುವಾರ ಸಂಡೇ ಸ್ಕೂಲಿನಲ್ಲಿ ಮಗುವಿಗೆ ಅದೇ ಮುಖ ಕಾಣಬೇಕು. ನೀವು ಆ ನಾಯಕರಿಗೆ ಎರಡನೆಯ ಕೈ ಅಷ್ಟೆ. ಹೊರಡುವ ಮುನ್ನ ಆಯೋಜಕರನ್ನು ಕೇಳಿ: ಮಕ್ಕಳ ರಕ್ಷಣೆಯ ನಿಯಮ ಬರಹದಲ್ಲಿದೆಯೇ? ನಮ್ಮ ಪೊಲೀಸ್ ಪ್ರಮಾಣಪತ್ರ ಬೇಕೇ? ಶಿಬಿರ ಮುಗಿದ ಮೇಲೆ ಮಕ್ಕಳನ್ನು ಯಾರು ನೋಡುತ್ತಾರೆ? "ಪಾಸ್‌ಪೋರ್ಟ್ ಪ್ರತಿ ಮತ್ತು ಹಣ ಕಳಿಸಿ, ಉಳಿದದ್ದು ನಾವು ನೋಡುತ್ತೇವೆ" ಎಂದರೆ ಹೋಗಬೇಡಿ.

ಕಾಗದಪತ್ರದಲ್ಲಿ ಎಡವುವುದು ಪೊಲೀಸ್ ಪ್ರಮಾಣಪತ್ರದಲ್ಲೇ. ಪಾಸ್‌ಪೋರ್ಟ್ ಕಚೇರಿ ಕೊಡುವ ಪಿ.ಸಿ.ಸಿ. (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಇರುವುದು ಉದ್ಯೋಗ, ವಾಸ, ದೀರ್ಘಾವಧಿ ವೀಸಾದವರಿಗೆ. ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಅದು ಸಿಗದು. ಹಾಗಾಗಿ ರಾಜ್ಯ ಪೊಲೀಸರ ಪರಿಶೀಲನಾ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ. ಬೆಳಗಾವಿ ನಗರದವರಿಗೆ ಪೊಲೀಸ್ ಕಮಿಷನರೇಟ್, ತಾಲೂಕಿನವರಿಗೆ ಎಸ್.ಪಿ. ಕಚೇರಿಯ ವ್ಯಾಪ್ತಿ. ನೇಪಾಳಕ್ಕೆ ನಮಗೆ ವೀಸಾ ಬೇಡ, ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯೇ ಬೇಕು, ಆಧಾರ್ ನಡೆಯದು. ಕೀನ್ಯಾಕ್ಕಾದರೆ ಪ್ರವಾಸದ ಅನುಮತಿಯಲ್ಲಿ ಸೇವೆ ಮಾಡಬಹುದೇ, ಬೇರೆ ಪರವಾನಗಿ ಬೇಕೇ ಎಂದು ಕರೆದವರಿಂದ ಬರಹದಲ್ಲಿ ತರಿಸಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಕಾರ್ಡ್ ಇಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ನೇಪಾಳದ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿನ ದಂಡ ಸಂಹಿತೆ 2018ರಿಂದ ಜಾರಿಯಲ್ಲಿದ್ದು, ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು. ವಿದೇಶಿಯರಾದರೆ ಶಿಕ್ಷೆಯ ನಂತರ ಗಡೀಪಾರು. ಕಾನೂನು ಇರಲಿ ಬಿಡಲಿ, ಮನೆಯ ನೆನಪಿನಲ್ಲಿ ಅಳುತ್ತಿರುವ ಮಗುವಿನಿಂದ "ಯೇಸುವನ್ನು ಒಪ್ಪಿಕೊಂಡೆ" ಎಂದು ಕೈ ಎತ್ತಿಸುವುದು ತಪ್ಪು ಎಂಬುದೇ ನಮ್ಮ ನಂಬಿಕೆ.

ಇಲ್ಲಿ ಕಲಿಸಿದ ಪಾಠವನ್ನೇ ಅಲ್ಲಿ ಕಲಿಸಲು ಹೋಗಬೇಡಿ. ಅನುವಾದಕರ ಬಾಯಿಂದ ಬರುವಾಗ ಹತ್ತು ನಿಮಿಷದ ಕಥೆ ಇಪ್ಪತ್ತು ನಿಮಿಷವಾಗುತ್ತದೆ, ಚಿಕ್ಕವರು ಅಷ್ಟು ಹೊತ್ತು ಕೂರುವುದಿಲ್ಲ. ಐದು ನಿಮಿಷದ ಕಥೆ ಸಾಕು. ಯಾವ ಕಥೆ ಎಂಬುದು ಇನ್ನೂ ಮುಖ್ಯ. ಬುಟ್ಟಿಯಲ್ಲಿಟ್ಟು ನದಿಯಂಚಿನಲ್ಲಿ ಬಿಟ್ಟ ಮೋಶೆಯ ಕಥೆ ನಮ್ಮ ವಿ.ಬಿ.ಎಸ್.ನಲ್ಲಿ ಎಲ್ಲರಿಗೂ ಇಷ್ಟ, ಆಶ್ರಮದ ಮಗು ಅದನ್ನು ಕೇಳಿ "ನಮ್ಮವ್ವನೂ ನನ್ನನ್ನು ಹಾಗೇ ಬಿಟ್ಟಳೇ?" ಎಂದುಕೊಳ್ಳುತ್ತದೆ. ಅಣ್ಣಂದಿರು ಮಾರಿದ ಯೋಸೇಫ, ತಂದೆಯೇ ಬಲಿಪೀಠದ ಮೇಲೆ ಮಲಗಿಸಿದ ಇಸಾಕ, ಇವೂ ಬೇಡ. ಹೊಡೆಯುವ ಅಪ್ಪನನ್ನು ಕಂಡ ಮಗುವಿಗೆ "ದೇವರು ನಮ್ಮ ತಂದೆ" ಎಂಬ ಮಾತೂ ಹೆದರಿಕೆ ತರಬಹುದು. ಐದು ರೊಟ್ಟಿ, ಎರಡು ಮೀನು ತಂದ ಹುಡುಗನ ಕಥೆ ಎಲ್ಲೆಡೆಯೂ ನಡೆಯುತ್ತದೆ: ಅಲ್ಲಿ ಕೊಡುವವನು ಒಬ್ಬ ಹುಡುಗ, ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಾರೆ, ಯಾರೂ ಯಾರನ್ನೂ ಬಿಟ್ಟು ಹೋಗುವುದಿಲ್ಲ.

ಆಟದಲ್ಲೂ ಹೀಗೇ. "ಔಟ್" ಆದವರು ಪಕ್ಕಕ್ಕೆ ಕೂರುವ ಆಟವನ್ನು ಬಿಡಿ. ಕೂತ ಮಗು ಜಗಳ ತೆಗೆಯುತ್ತದೆ, ಇಲ್ಲವೇ ಮುದುಡಿಕೊಳ್ಳುತ್ತದೆ. ಬಲೂನು ಒಡೆಯುವ ಆಟವೂ ಬೇಡ, ಗುಂಡಿನ ಸದ್ದು ಕೇಳಿದ ಮಕ್ಕಳಿರಬಹುದು. ನಮ್ಮ ಚೌಕಾಬಾರಕ್ಕೆ ಭಾಷೆ ಬೇಡ: ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕ, ನಾಲ್ಕು ಮಕ್ಕಳು, ತಲಾ ನಾಲ್ಕು ಕಾಯಿ, ನಾಲ್ಕು ಕವಡೆ. ಹುಣಸೆ ಬೀಜ ಒಯ್ಯಬೇಡಿ, ಬೀಜಗಳನ್ನು ಅನೇಕ ದೇಶಗಳು ಗಡಿಯಲ್ಲೇ ತಡೆಯುತ್ತವೆ. ಪ್ಲಾಸ್ಟಿಕ್ ಕವಡೆ ಒಯ್ಯಿರಿ. ಪ್ರೀತಿಯಿಂದ ಕಟ್ಟಿಕೊಟ್ಟ ಶೇಂಗಾ ಉಂಡಿಯೂ ಬ್ಯಾಗಿನಲ್ಲಿ ಬೇಡ. ಶೇಂಗಾ ಅಲರ್ಜಿ ಇರುವ ಮಗುವಿಗೆ ಒಂದು ತುತ್ತು ಪ್ರಾಣಕ್ಕೇ ಕುತ್ತು.

ರಾತ್ರಿ ಹಾಸಿಗೆ ಒದ್ದೆಯಾಗುವುದು ಇಂಥ ಶಿಬಿರಗಳಲ್ಲಿ ಸಾಮಾನ್ಯ. ಉಳಿದವರು ಏಳುವ ಮೊದಲೇ ಹೊದಿಕೆ ಬದಲಿಸಿ, ಮಾತಿಲ್ಲದೆ. ದಿಂಬಿನಡಿ ಬ್ರೆಡ್ಡಿನ ತುಂಡು ಸಿಕ್ಕರೆ ಬೈಯಬಾರದು. ಆ ಮಗುವಿಗೆ ನಾಳೆಯ ಊಟದ ಭರವಸೆ ಇಲ್ಲ. ತಲೆದೆಸೆಯಲ್ಲಿ ಮುಚ್ಚಳದ ಡಬ್ಬಿ ಇಟ್ಟು, ಅದರಲ್ಲಿ ಎರಡು ಬಿಸ್ಕತ್ತು, ಒಂದು ಬಾಳೆಹಣ್ಣು ಇಡಿ. ಖಾಲಿಯಾದರೆ ಮತ್ತೆ ತುಂಬಿಸಿ. ಡಬ್ಬಿ ಖಾಲಿ ಉಳಿಯುವುದಿಲ್ಲ ಎಂದು ಗೊತ್ತಾದ ಮಗು ಬಚ್ಚಿಡುವುದನ್ನು ಮೆಲ್ಲಗೆ ಕಡಿಮೆ ಮಾಡುತ್ತದೆ.

ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಬೇಡಿ, ಕಾಣುವ ಜಾಗದಲ್ಲಿ ಇರಿ. ಮಗು ತನಗಾದ ಕಿರುಕುಳ ಹೇಳಿಕೊಂಡರೆ ಸುಮ್ಮನೆ ಕೇಳಿ. "ಅವನು ಮುಟ್ಟಿದನಾ?" ಎಂದು ನೀವೇ ಉತ್ತರ ಬಾಯಿಗೆ ಹಾಕಬೇಡಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ" ಎನ್ನಿ. ಮಗು ಆಡಿದ ಮಾತನ್ನು ಆಡಿದಂತೆಯೇ, ದಿನಾಂಕ ಮತ್ತು ಹೊತ್ತಿನೊಂದಿಗೆ ಬರೆದು, ಅದೇ ದಿನ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಕೊಡಿ. ವಿಚಾರಣೆ ನಿಮ್ಮ ಕೆಲಸವಲ್ಲ.

ಮುಖ ಕಾಣುವ ಫೋಟೋವನ್ನು ಸ್ಟೇಟಸ್‌ಗೆ ಹಾಕಬೇಡಿ. ಮಗು ಎಲ್ಲಿದೆ ಎಂದು ಯಾರಿಗೆ ತಿಳಿಯಬಾರದೋ ಅವರಿಗೇ ತಿಳಿದೀತು. ಕೊನೆಯ ದಿನ "ಮುಂದಿನ ವರ್ಷ ಬರುತ್ತೇನೆ" ಎನ್ನಬೇಡಿ, ಫೋನ್ ನಂಬರ್ ಕೊಡಬೇಡಿ. ನಾಳೆ ಹೊರಡುತ್ತೇನೆ ಎಂಬುದನ್ನು ಹಿಂದಿನ ದಿನವೇ ಹೇಳಿ, ಮಗುವಿನ ಇಷ್ಟದ ಆಟ, ಹೆದರಿಕೆ, ಡಬ್ಬಿಯ ವಿಷಯ ಎಲ್ಲವನ್ನೂ ಸ್ಥಳೀಯ ನಾಯಕರಿಗೆ ಬರೆದುಕೊಟ್ಟು ಬನ್ನಿ.