ಮನೆಗೆ ಫೋಟೊ ಪ್ರಿಂಟರ್: ಮೊದಲು ಅಳತೆ, ಆಮೇಲೆ ಯಂತ್ರ

ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದು ಓಡಾಡುವ ನನಗೆ ನೆಂಟರಿಂದಲೂ ಸಹೋದ್ಯೋಗಿಗಳಿಂದಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ‘ಮನೆಯಲ್ಲೇ ಫೋಟೊ ಪ್ರಿಂಟ್ ಹಾಕುವುದಕ್ಕೆ ಯಾವ ಪ್ರಿಂಟರ್ ತೆಗೆದುಕೊಳ್ಳಲಿ?’ ಯಾವ ಮಾದರಿಯ ಹೆಸರನ್ನೂ ಹೇಳುವ ಮೊದಲು ನಾನು ಅವರನ್ನೇ ಎರಡು ವಿಷಯ ಕೇಳುತ್ತೇನೆ. ಮುದ್ರಿಸಿದ ಫೋಟೊ ಆಲ್ಬಮ್‌ಗೆ ಹೋಗುತ್ತದೆಯೋ ಗೋಡೆಗೆ ಹೋಗುತ್ತದೆಯೋ? ತಿಂಗಳಿಗೆ ಎಷ್ಟು ಫೋಟೊ ಮುದ್ರಿಸುತ್ತೀರಿ? ಬಹುತೇಕರು ಈ ಎರಡನ್ನೂ ಯೋಚಿಸದೆ ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿ ಬರೆದಿರುವ ಯಂತ್ರವನ್ನು ತಂದುಬಿಡುತ್ತಾರೆ.

ಅಳತೆಯ ವಿಚಾರವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅಜ್ಜಿ ತೀರಿಕೊಂಡ ವರ್ಷ, ವರ್ಷಾಂತಿಕಕ್ಕೆ ಅವರ ದೊಡ್ಡ ಫೋಟೊ ಬೇಕೆಂದು ಮನೆಯವರು ಹೇಳಿದರು. ಯಾವುದೋ ಮದುವೆಯ ಗುಂಪುಚಿತ್ರವೊಂದು ವಾಟ್ಸ್ಆ್ಯಪ್‌ನಲ್ಲಿ ಸಿಕ್ಕಿತು. ಅದರಿಂದ ಅಜ್ಜಿಯ ಮುಖವನ್ನಷ್ಟೇ ಕತ್ತರಿಸಿ ತೆಗೆದು 12x18 ಇಂಚಿಗೆ ಮುದ್ರಿಸಿದೆ. ವಾಟ್ಸ್ಆ್ಯಪ್ ಸಾಮಾನ್ಯ ಗುಣಮಟ್ಟದಲ್ಲಿ ಕಳುಹಿಸುವಾಗ ಚಿತ್ರದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ, ಅಂದರೆ ಚಿತ್ರವನ್ನು ಕಟ್ಟುವ ಅಷ್ಟು ಪುಟ್ಟ ಚುಕ್ಕಿಗಳಿಗೆ, ಇಳಿಸಿಬಿಡುತ್ತದೆ. ಆ ಗುಂಪಿನಲ್ಲಿ ಅಜ್ಜಿಯ ಪಾಲಿಗೆ ಬಂದದ್ದು ಆರುನೂರು ಪಿಕ್ಸೆಲ್ ಕೂಡ ಇರಲಿಲ್ಲ. ಅವನ್ನು 18 ಇಂಚಿನ ಮೇಲೆ ಹರಡಿದರೆ ಇಂಚಿಗೆ ಮೂವತ್ತಮೂರು ಸಹ ಬರುವುದಿಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಆ ಚಿತ್ರದಲ್ಲಿ ಅಜ್ಜಿ ಮಂಜಿನ ಹಿಂದೆ ನಿಂತಂತೆ ಕಾಣುತ್ತಿದ್ದರು. ಪ್ರಿಂಟರ್‌ನದು ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಹಾಗಾಗಿ ಲೆಕ್ಕ ಶುರುವಾಗಬೇಕಾದದ್ದು ಕಡತದಿಂದ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಇಂಚಿಗೆ 300 ಪಿಕ್ಸೆಲ್ ಎಂಬುದು ವಾಡಿಕೆಯ ಅಳತೆ. ಅದರ ಪ್ರಕಾರ 4x6 ಇಂಚಿಗೆ 1200x1800 ಪಿಕ್ಸೆಲ್ ಸಾಕು. ಎ4 ಹಾಳೆ ತುಂಬಲು 2480x3508 ಬೇಕು. ಮೊಬೈಲ್‌ನ 12 ಮೆಗಾಪಿಕ್ಸೆಲ್ ಚಿತ್ರ ಎಂದರೆ 4000x3000 ಪಿಕ್ಸೆಲ್. ಅದು 13x10 ಇಂಚಿನವರೆಗೆ ಯಾವ ಕೊರತೆಯೂ ಇಲ್ಲದೆ ಬರುತ್ತದೆ. ಈ 300 ಎಂಬ ಸಂಖ್ಯೆಗೆ ಕಾರಣ ನಮ್ಮ ಕಣ್ಣು. ಒಳ್ಳೆಯ ದೃಷ್ಟಿ ಇರುವವರು 25 ಸೆಂಟಿಮೀಟರ್ ದೂರದಿಂದ ಇಂಚಿಗೆ ಸುಮಾರು 350 ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲರು. ನೋಡುವ ದೂರ ಹೆಚ್ಚಿದಂತೆ ಆ ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಒಂದು ಮೀಟರ್ ದೂರಕ್ಕೆ ತೊಂಬತ್ತರ ಒಳಗೇ ಬಂದುಬಿಡುತ್ತದೆ. ಗೋಡೆಯ ಚಿತ್ರಕ್ಕೆ 150 ಇದ್ದರೂ ನಡೆಯುತ್ತದೆ ಎನ್ನುವುದು ಇದೇ ಕಾರಣಕ್ಕೆ. ಆದರೆ ಮನೆಗೆ ಬಂದ ನೆಂಟರು ಫೋಟೊದಲ್ಲಿ ಯಾರು ಯಾರಿದ್ದಾರೆಂದು ನೋಡಲು ಕನ್ನಡಕ ಏರಿಸಿ ಗೋಡೆಗೆ ಮೂಗು ತಾಗಿಸಿಯೇ ನಿಲ್ಲುವುದರಿಂದ, ಮುಖಗಳಿರುವ ಚಿತ್ರಕ್ಕೆ ನಾನು 200ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಪಿಕ್ಸೆಲ್‌ಗಿಂತ ಹೆಚ್ಚು ಜನರನ್ನು ಕಾಡುವುದು ಆಕಾರ. ಮೊಬೈಲ್ ಚಿತ್ರದ ಉದ್ದ ಅಗಲ 4:3ರ ಪ್ರಮಾಣದಲ್ಲಿರುತ್ತದೆ. 4x6 ಕಾಗದ 3:2ರದು. ಕಾಗದ ಪೂರ್ತಿ ತುಂಬಬೇಕೆಂದರೆ ಚಿತ್ರದ ಒಂಬತ್ತರಲ್ಲಿ ಒಂದು ಭಾಗ ಕತ್ತರಿಗೆ ಹೋಗುತ್ತದೆ. ಅಡ್ಡ ಹಿಡಿದು ತೆಗೆದ ಗುಂಪುಚಿತ್ರದಲ್ಲಿ ಅದು ಹಿಂದಿನ ಸಾಲಿನವರ ತಲೆಯೋ ಮುಂದಿನ ಸಾಲಿನವರ ಕಾಲೋ ಆಗಿರುತ್ತದೆ. ಕತ್ತರಿಸಬೇಡವೆಂದರೆ ಎರಡು ಬದಿಯಲ್ಲಿ ಬಿಳಿಯ ಪಟ್ಟಿ ಉಳಿಯುತ್ತದೆ. ಮೊಬೈಲ್‌ನಲ್ಲೇ ತೆಗೆಯುವವರು 6x8 ಇಂಚನ್ನು ಆರಿಸಿಕೊಂಡರೆ ಈ ತಂಟೆಯೇ ಇಲ್ಲ, ಏಕೆಂದರೆ ಅದೂ 4:3. 8x12 ಮತ್ತು 12x18 ಇಂಚುಗಳು 3:2ರ ಕ್ಯಾಮೆರಾ ಚಿತ್ರಗಳಿಗೆ ಹೇಳಿ ಮಾಡಿಸಿದವು.

ಇನ್ನು ಯಂತ್ರ. ಪೆಟ್ಟಿಗೆಯ ಮೇಲಿನ ‘5760 ಡಿಪಿಐ’ ಎಂಬುದು ಪ್ರಿಂಟರ್ ಇಂಕಿನ ಹನಿಗಳನ್ನು ಎಷ್ಟು ಒತ್ತಾಗಿ ಇಡಬಲ್ಲದು ಎಂಬುದರ ಲೆಕ್ಕ. ಕೆಲವೇ ಬಣ್ಣಗಳ ಇಂಕಿನಿಂದ ಒಂದು ಪಿಕ್ಸೆಲ್‌ನ ಛಾಯೆಯನ್ನು ಮೂಡಿಸಲು ಹಲವು ಹನಿ ಬೇಕಾಗುವುದರಿಂದ, ನಿಮ್ಮ ಚಿತ್ರಕ್ಕೆ ಅಷ್ಟು ಪಿಕ್ಸೆಲ್ ಬೇಕೆಂದೂ ಅಲ್ಲ, ಅಷ್ಟು ಸೂಕ್ಷ್ಮ ಕಾಣುತ್ತದೆಂದೂ ಅಲ್ಲ. ನೋಡಬೇಕಾದದ್ದು ಬಣ್ಣಗಳ ಸಂಖ್ಯೆಯನ್ನು. ಕಚೇರಿ ಕೆಲಸಕ್ಕೆಂದು ಮಾಡಿದ ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ (ಬಾಟಲಿಯಿಂದ ಇಂಕ್ ಸುರಿದು ತುಂಬಿಸುವಂಥದು) ಮಕ್ಕಳ ಪ್ರಾಜೆಕ್ಟಿಗೆ ಧಾರಾಳವಾಯಿತು, ಆದರೆ ಮುಖದ ಬಣ್ಣದಲ್ಲಿ ಸಣ್ಣ ರವೆಯಂತಹ ಚುಕ್ಕೆಗಳನ್ನು ಉಳಿಸುತ್ತದೆ. ಎಪ್ಸನ್‌ನ ಎಲ್8050 ತಿಳಿ ಸಯಾನ್ (ಹಸಿರು ಬೆರೆತ ನೀಲಿ) ಮತ್ತು ತಿಳಿ ಮೆಜೆಂಟಾ (ಗಾಢ ಗುಲಾಬಿ) ಸೇರಿಸಿ ಆರು ಬಣ್ಣ ಬಳಸುತ್ತದೆ. ಚರ್ಮದ ಛಾಯೆ ನಯವಾಗಿ ಬರುವುದು ಆ ಎರಡು ತಿಳಿ ಬಣ್ಣಗಳಿಂದ. ಕ್ಯಾನನ್‌ನ ಜಿ570 ಅವುಗಳ ಬದಲು ಕೆಂಪು ಮತ್ತು ಬೂದು ಇಂಕನ್ನು ಇಟ್ಟಿದೆ. ಹಳೆಯ ಕಪ್ಪು-ಬಿಳುಪು ಫೋಟೊಗಳನ್ನು ಸ್ಕ್ಯಾನ್ ಮಾಡಿ ಮುದ್ರಿಸುವವರಿಗೆ ಆ ಬೂದು ಇಂಕ್ ಬಹಳ ಉಪಕಾರಿ, ಏಕೆಂದರೆ ಬಣ್ಣದ ಇಂಕುಗಳನ್ನೇ ಬೆರೆಸಿ ಬೂದು ತರಿಸಿದಾಗ ಅಜ್ಜನ ಬಿಳಿ ರುಮಾಲು ಹಸಿರಿಗೋ ಗುಲಾಬಿಗೋ ತಿರುಗುವುದುಂಟು.

ಈ ಎರಡೂ ಸೇರಿದಂತೆ ಇಂಕ್ ಟ್ಯಾಂಕ್ ಯಂತ್ರಗಳಿಗೆ ಒಂದು ಷರತ್ತಿದೆ: ಅವುಗಳನ್ನು ಸುಮ್ಮನೆ ಕೂರಿಸಬಾರದು. ನನ್ನ ಮೊದಲ ಪ್ರಿಂಟರನ್ನು ಮೂರು ತಿಂಗಳು ಮುಟ್ಟದೆ ಬಿಟ್ಟಿದ್ದೆ; ಇಂಕ್ ಒಣಗಿ, ಹನಿ ಚಿಮ್ಮಿಸುವ ಹೆಡ್ ಕಟ್ಟಿಕೊಂಡಿತು. ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಕೊಟ್ಟು ಅರ್ಧ ಟ್ಯಾಂಕ್ ಇಂಕನ್ನು ಒಳಗಿನ ಪ್ಯಾಡಿಗೆ ಕುಡಿಸಿದ ಮೇಲೂ ನೀಲಿ ಗೆರೆ ಗೆರೆಯಾಗಿಯೇ ಬಂತು. ವಾರಕ್ಕೊಮ್ಮೆಯಾದರೂ ಎಲ್ಲ ಬಣ್ಣವಿರುವ ಒಂದು ಪುಟ ಮುದ್ರಿಸುವ ಶಿಸ್ತು ನಿಮ್ಮಲ್ಲಿ ಇಲ್ಲದಿದ್ದರೆ ಈ ಜಾತಿಯ ಯಂತ್ರದ ತಂಟೆಗೆ ಹೋಗಬೇಡಿ ಎಂದೇ ನನ್ನ ಸಲಹೆ.

ಅಂಥವರಿಗೆ ಇರುವುದು ಡೈ-ಸಬ್ಲಿಮೇಶನ್ ಪ್ರಿಂಟರ್, ಅಂದರೆ ರಿಬ್ಬನ್‌ನಲ್ಲಿರುವ ಬಣ್ಣವನ್ನು ಬಿಸಿಯಿಂದ ಕಾಗದಕ್ಕೆ ಇಳಿಸುವ ಯಂತ್ರ. ಕ್ಯಾನನ್‌ನ ಸೆಲ್ಫಿ ಸಿಪಿ1500 ಅದಕ್ಕೊಂದು ಉದಾಹರಣೆ. ಅದರಲ್ಲಿ ದ್ರವದ ಇಂಕೇ ಇಲ್ಲ, ಆದ್ದರಿಂದ ಒಣಗುವ ಪ್ರಶ್ನೆಯೂ ಇಲ್ಲ. ಕಾಗದ ನಾಲ್ಕು ಸಲ ಒಳಗೆ ಹೋಗಿ ಬರುತ್ತದೆ: ಹಳದಿ, ಮೆಜೆಂಟಾ, ಸಯಾನ್, ಕೊನೆಗೆ ಒಂದು ರಕ್ಷಣೆಯ ಪದರ. ಆ ಪದರದ ದೆಸೆಯಿಂದ ನೀರಿನ ಹನಿ ಬಿದ್ದರೂ ಒರೆಸಿಬಿಡಬಹುದು. ಹತ್ತು ತಿಂಗಳು ಕಪಾಟಿನಲ್ಲಿದ್ದು ಹೊರಬಂದರೂ ಮೊದಲ ಚಿತ್ರವೇ ಸರಿಯಾಗಿ ಬರುತ್ತದೆ. ಕಾಗದ ಮತ್ತು ರಿಬ್ಬನ್ ಜೊತೆಯಾಗಿ ಎಣಿಕೆಯಲ್ಲಿ ಬರುವುದರಿಂದ, ಪೊಟ್ಟಣದ ಬೆಲೆಯನ್ನು ಹಾಳೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಚಿತ್ರದ ಖರ್ಚು ತಿಳಿಯುತ್ತದೆ; ಇಂಕ್ ಟ್ಯಾಂಕಿಗಿಂತ ಅದು ಹೆಚ್ಚೇ. ಅದರ ದೊಡ್ಡ ಮಿತಿ ಗಾತ್ರ: ಪೋಸ್ಟ್‌ಕಾರ್ಡ್ ಅಳತೆಯ 100x148 ಮಿಲಿಮೀಟರ್ ಮೀರುವಂತಿಲ್ಲ. 4x6ರ ಕಟ್ಟಿನೊಳಗೆ ಇಟ್ಟರೆ ಕೊಂಚ ಸಡಿಲವಾಗುತ್ತದೆ. ಪಾಸ್‌ಪೋರ್ಟ್ ಅಳತೆಯ 35x45 ಮಿಲಿಮೀಟರಿನ ಎಂಟು ಪ್ರತಿಗಳು ಆ ಒಂದೇ ಹಾಳೆಯಲ್ಲಿ ಕೂರುತ್ತವೆ ಎಂಬುದು ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಸಣ್ಣ ಲಾಭವಲ್ಲ.

ಎ3+ ಅಳತೆಯ, ಅಂದರೆ 13x19 ಇಂಚಿನ ಪ್ರಿಂಟರ್ ಬೇಕೇ ಎಂದು ಕೇಳುವವರಿಗೆ ನಾನು ಕೇಳುವುದಿಷ್ಟೇ: ನಿಮ್ಮ ಮನೆಯಲ್ಲಿ ಖಾಲಿ ಗೋಡೆ ಎಷ್ಟಿದೆ? ವರ್ಷಕ್ಕೆ ಎರಡು ಮೂರು ದೊಡ್ಡ ಚಿತ್ರಗಳಿಗಾಗಿ ಮೇಜಿನ ತುಂಬ ಯಂತ್ರ ಕೂರಿಸುವ ಬದಲು ಅವನ್ನು ಕಲರ್ ಲ್ಯಾಬ್‌ಗೆ ಕೊಡುವುದು ಮೇಲು.

ಇಂಕ್ ಟ್ಯಾಂಕ್ ಕೊಳ್ಳುವವರಿಗೆ ಕಾಗದದ ವಿಷಯದಲ್ಲಿ ಜಿಪುಣತನ ಬೇಡ. ತೆಳುವಾದ ಅಗ್ಗದ ಗ್ಲಾಸಿ ಹಾಳೆಗಿಂತ ಹಿಂಬದಿಯೂ ಪ್ಲಾಸ್ಟಿಕ್‌ನಂತೆ ನುಣುಪಾಗಿರುವ, 230 ಜಿಎಸ್ಎಮ್‌ಗೆ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) ಮೇಲ್ಪಟ್ಟ ರೆಸಿನ್ ಲೇಪನದ ಕಾಗದವೇ ನಮ್ಮ ಮಲೆನಾಡಿನ ಮಳೆಗಾಲವನ್ನು ತಡೆದುಕೊಳ್ಳುತ್ತದೆ. ತೆರೆದ ಪೊಟ್ಟಣವನ್ನು ನಾನು ಹಪ್ಪಳದ ಡಬ್ಬಿಯಂತೆ ಗಾಳಿಯಾಡದ ಡಬ್ಬಿಯಲ್ಲೇ ಇಡುತ್ತೇನೆ. ದ್ರವದ ಇಂಕಿನಿಂದ ಬರುವ ಇಂಕ್‌ಜೆಟ್ ಚಿತ್ರವನ್ನು ಮುದ್ರಿಸಿದ ಕೂಡಲೇ ಕಟ್ಟು ಹಾಕಿಸಲು ಕೊಡಬಾರದು; ಒಂದು ದಿನ ಪೂರ್ತಿ ಆರಿಸದಿದ್ದರೆ ಇಂಕಿನ ಆವಿ ಗಾಜಿನ ಒಳಬದಿಗೆ ಮಬ್ಬಾಗಿ ಕೂರುತ್ತದೆ. ಚಿತ್ರಕ್ಕೂ ಗಾಜಿಗೂ ನಡುವೆ, ಚಿತ್ರ ಕಾಣುವಂತೆ ನಡುವೆ ಕೊರೆದ ದಪ್ಪ ರಟ್ಟಿನ ಮೌಂಟ್ ಹಾಕಿಸಿಕೊಳ್ಳಿ. ಗಾಜಿಗೆ ತಾಗಿಯೇ ಇದ್ದ ನಮ್ಮ ಅಜ್ಜನ ಫೋಟೊ ಎರಡು ಮಳೆಗಾಲದಲ್ಲಿ ಅಂಟಿಕೊಂಡು, ಬಿಡಿಸುವಾಗ ಅರ್ಧ ಮೀಸೆ ಗಾಜಿನಲ್ಲೇ ಉಳಿಯಿತು.

ಇಷ್ಟೆಲ್ಲ ಕೇಳಿದ ಮೇಲೂ ‘ನಿಮ್ಮ ಮನೆಯಲ್ಲಿ ಯಾವುದಿದೆ, ಅದನ್ನು ಹೇಳಿ ಸಾಕು’ ಎನ್ನುವವರಿದ್ದಾರೆ. ಪೋಸ್ಟ್‌ಕಾರ್ಡ್ ಅಳತೆಯ ಡೈ-ಸಬ್ಲಿಮೇಶನ್ ಯಂತ್ರವೊಂದಿದೆ. ಅಜ್ಜಿಯ ಫೋಟೊವನ್ನು ಕೊನೆಗೆ ಅದರಲ್ಲೇ ಮುದ್ರಿಸಿದೆ. ಮದುವೆಯ ಚಿತ್ರ ತೆಗೆದವರಿಂದ ಮೂಲ ಕಡತವನ್ನೇ ತರಿಸಿಕೊಂಡಾಗ ಅಜ್ಜಿಯ ಪಾಲಿಗೆ 1500 ಪಿಕ್ಸೆಲ್ ಸಿಕ್ಕಿದವು. ಅದಕ್ಕೆ ತಕ್ಕಂತೆ ಐದು ಇಂಚಿನಷ್ಟು ಎತ್ತರಕ್ಕೆ ಮುದ್ರಿಸಿ, ಸುತ್ತ ಅಗಲವಾದ ಬಿಳಿ ಮೌಂಟ್ ಹಾಕಿಸಿ, 12x15ರ ಕಟ್ಟಿನಲ್ಲಿ ಕೂರಿಸಿದ್ದೇವೆ.